ನೀಲಿ ದೀಪ ನಂಬಿ ಕೆಟ್ಟೆ

ಅರ್ಧ ಕಿವುಡನಾಗಿರುವಷ್ಟು ಸುಖ ಇನ್ನೊಂದಿಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಪೂರ್ತಿ ಕಿವುಡನಾದರೆ ಜನ ಕನಿಕರ ತೋರಿಸುತ್ತಾರೆ. ಪೂರ್ತಿ ಕೇಳಿಸಿದರೆ ಕೆಲಸ ಹೇಳುತ್ತಾರೆ. ನಡುವೆ ಎಲ್ಲೋ ಇದ್ದುಬಿಟ್ಟರೆ ಬೇಕಾದ್ದು ಹೇಗೋ ಕಿವಿಗೆ ಬೀಳುತ್ತದೆ, ಬೇಡವಾದ್ದಕ್ಕೆ ಮುಗುಳ್ನಕ್ಕು ತಲೆ ಅಲ್ಲಾಡಿಸಿದರೆ ಮುಗಿಯಿತು. ಈ ಸ್ಥಿತಿಯಲ್ಲಿ ಸಂಸಾರ ನಡೆಸುವವನಿಗೆ ಎಲ್ಲ ಸಂದರ್ಭಕ್ಕೂ ಒದಗುವ ಒಂದು ಮಾತು ಬೇಕು. ನನ್ನ ಹತ್ತಿರ ಅದಿತ್ತು: 'ಚೆನ್ನಾಗಿತ್ತು.' ಮದುವೆ ಮನೆಯ ಸಂಗೀತವಾಗಲಿ, ಮೊಮ್ಮಗಳ ಶಾಲೆಯ ಪದ್ಯವಾಗಲಿ, ಎದುರಿನವರ ಬಾಯಿ ಮುಚ್ಚಿತೆಂದರೆ ನಾನು 'ಚೆನ್ನಾಗಿತ್ತು' ಅಂದುಬಿಡುತ್ತಿದ್ದೆ. ಒಮ್ಮೆ ಮಾತ್ರ ಇದು ಕೈಕೊಟ್ಟಿತು. ಪಕ್ಕದ ಮನೆಯ ರಾಯರು ಬಹಳ ಹೊತ್ತು ಏನನ್ನೋ ವರ್ಣಿಸಿ ಸುಮ್ಮನಾದರು. ನಾನು ಮನಸಾರೆ 'ತುಂಬಾ ಚೆನ್ನಾಗಿತ್ತು' ಅಂದೆ. ಅವರು ತಮ್ಮ ಭಾವಮೈದುನನ ಮೂಲವ್ಯಾಧಿಯ ಆಪರೇಷನ್ ಬಗ್ಗೆ ಹೇಳುತ್ತಿದ್ದರಂತೆ. ಅಂದಿನಿಂದ ರಾಯರು ನನ್ನನ್ನು ಕಂಡರೆ ಕೈ ಬೀಸುತ್ತಾರೆ, ಹತ್ತಿರ ಬರುವುದಿಲ್ಲ.

ನನ್ನ ಕಿವಿ ಹೋದದ್ದು ಪೀಣ್ಯದ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ. ಕಬ್ಬಿಣದ ತಗಡನ್ನು ದೈತ್ಯ ಯಂತ್ರಗಳು ದಿನವಿಡೀ ಗುದ್ದಿ ಗುದ್ದಿ ಆಕಾರಕ್ಕೆ ತರುವ ಜಾಗ ಅದು. ಅಲ್ಲಿ ಮೂವತ್ತೊಂದು ವರ್ಷ ಇದ್ದೆ. ಒಳಗೆ ಕಾಲಿಟ್ಟರೆ ಮಾತು ಎನ್ನುವುದೇ ಇಲ್ಲ, ಎಲ್ಲವೂ ಕೈಸನ್ನೆ. ಅಂಗೈ ಎತ್ತಿದರೆ ನಿಲ್ಲಿಸು. ಮುಷ್ಟಿಯಿಂದ ನೆತ್ತಿ ತಟ್ಟಿಕೊಂಡರೆ ಫೋರ್‌ಮನ್ ಬರುತ್ತಿದ್ದಾನೆ. ತುಟಿಗೆ ಹೆಬ್ಬೆರಳು ಹಚ್ಚಿದರೆ ಟೀ. ಎರಡು ಬೆರಳನ್ನು ತನ್ನ ಎದೆಗೆ ತಾನೇ ಒತ್ತಿಕೊಂಡರೆ 'ಈ ಪೀಸು ಕೆಟ್ಟದ್ದು ನನ್ನಿಂದ, ತಗಡಿನ ತಪ್ಪಿಲ್ಲ' ಎಂದರ್ಥ. ಈ ಕೊನೆಯ ಸನ್ನೆಯನ್ನು ಹೊಸಬರಿಗೆಲ್ಲ ಕಲಿಸುತ್ತಿದ್ದೆವು. ಯಾರಾದರೂ ಅದನ್ನು ಮಾಡಿದ್ದನ್ನು ನಾನಂತೂ ನೋಡಲಿಲ್ಲ. ಇನ್ನು ಯಂತ್ರ ಸರಿಯಾಗಿದೆಯೋ ಇಲ್ಲವೋ ಎಂದು ಕೇಳಿ ತಿಳಿಯುವ ಹಾಗೂ ಇರಲಿಲ್ಲ. ಪ್ರತಿ ಯಂತ್ರದ ನೆತ್ತಿಯ ಮೇಲೆ ಒಂದು ದೀಪ. ಅದು ಮಿಣುಕುತ್ತಿದ್ದರೆ ದೂರ ನಿಲ್ಲು, ನೆಟ್ಟಗೆ ಉರಿಯುತ್ತಿದ್ದರೆ ಎಲ್ಲ ಸರಿ, ಕೆಲಸ ಮಾಡು. ಆ ದೀಪವನ್ನು ನಂಬಿಯೇ ನನ್ನ ಹತ್ತೂ ಬೆರಳು ಇನ್ನೂ ನನ್ನ ಹತ್ತಿರವಿವೆ. ಕಿವಿಗೆ ಅಂಥ ದೀಪ ಇರಲಿಲ್ಲವಾದ್ದರಿಂದ ಅದು ಯಾವಾಗ ಹೋಯಿತೋ ತಿಳಿಯಲಿಲ್ಲ. ನಿವೃತ್ತನಾಗಿ ಚಿಕ್ಕಬಾಣಾವರದ ಮನೆಯಲ್ಲಿ ಕೂತ ಮೇಲೆ ತಲೆಯೊಳಗೆ 'ಗುಂಯ್' ಎನ್ನುವ ಒಂದೇ ಎಳೆಯ ಸದ್ದು ಮಾತ್ರ ಉಳಿದಿತ್ತು. ಕಾರ್ಖಾನೆ ನನ್ನನ್ನು ಬಿಟ್ಟರೂ ಅದರ ಸದ್ದು ನನ್ನನ್ನು ಬಿಟ್ಟಿರಲಿಲ್ಲ.

ಪ್ರೆಸ್ ಶಾಪಿನ ಈ ಸನ್ನೆಗಳನ್ನು ನಾನು ಮದುವೆಯಾದ ಹೊಸದರಲ್ಲಿ ಹೆಂಡತಿ ವಿಶಾಲುವಿಗೂ ಕಲಿಸಿದ್ದೆ. ಆಗ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅಪ್ಪ, ಅಮ್ಮ, ಇಬ್ಬರು ತಂಗಿಯರು, ನಾವಿಬ್ಬರು. ಗಂಡ ಹೆಂಡತಿ ಪಿಸುಗುಟ್ಟಿದರೆ ಎಂಟು ಕಿವಿ ನೆಟ್ಟಗಾಗುತ್ತಿದ್ದ ಮನೆ ಅದು. ಅಮ್ಮನ ಬೆನ್ನ ಹಿಂದೆ ವಿಶಾಲು ಮುಷ್ಟಿಯಿಂದ ನೆತ್ತಿ ತಟ್ಟಿಕೊಂಡಳೆಂದರೆ 'ಅತ್ತೆ ಸಿಟ್ಟಾಗಿದ್ದಾರೆ, ಬಾಯಿ ಬಿಡಬೇಡಿ' ಎಂದರ್ಥ. ಬೇರೆಯವರು ಕಾಗದ ಬರೆದುಕೊಂಡ ಹಾಗೆ ನಾವು ಕೈ ಆಡಿಸಿಕೊಂಡೆವು. ಅವಳು ಆಗ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದಳು. ಅದು ನನಗೆ ಚೆನ್ನಾಗಿ ನೆನಪಿದೆ. ಯಾವಾಗ ಆ ಹಾಡು ನನಗೆ ಕೇಳಿಸುವುದು ನಿಂತಿತೋ ಅದು ನೆನಪಿಲ್ಲ. ಅವಳು ನಿಲ್ಲಿಸಿದಳು ಎಂದು ನಾನು ಅಂದುಕೊಂಡೆ. ನಾನು ಕೇಳಿಯೂ ಕೇಳದವನ ಹಾಗಿದ್ದೇನೆ ಎಂದು ಅವಳು ಅಂದುಕೊಂಡಳು. ಹೀಗೆ ಕೆಲವು ವರ್ಷ ಜಗಳವಿಲ್ಲದೆ ಕಳೆಯಿತು.

ಕೊನೆಗೆ ಮಗಳು ಭಾರತಿ ಹಟ ಹಿಡಿದು ನನ್ನನ್ನು ಕಿವಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವಳಿರುವುದು ಬ್ರೂಕ್‌ಫೀಲ್ಡಿನಲ್ಲಿ. ಅಲ್ಲಿಂದ ನಮ್ಮ ಮನೆಗೆ ಬರುವಷ್ಟರಲ್ಲಿ ಮನುಷ್ಯನ ತಾಳ್ಮೆಯೆಲ್ಲ ದಾರಿಯಲ್ಲೇ ಮುಗಿದಿರುತ್ತದೆ, ಹಾಗಾಗಿ ವಾದ ಮಾಡಲು ನನಗೆ ಧೈರ್ಯ ಬರಲಿಲ್ಲ. ಡಾಕ್ಟರು ಎರಡು ಪುಟ್ಟ ಕಿವಿಯ ಮಿಷನ್ನು ಕೊಟ್ಟರು. ಕೊಡುವಾಗ, "ಮಾತೆಲ್ಲಾ ಕೇಳಿಸುತ್ತೆ ಸಾರ್. ಆದ್ರೆ ಕೆಲವು ಸಣ್ಣ ಸ್ವರಗಳು ಹೋದ್ರೆ ಹೋದ ಹಾಗೇನೆ, ವಾಪಸ್ ಬರಲ್ಲ," ಎಂದರು. ನಾನು ಅಭ್ಯಾಸಬಲದಿಂದ 'ಚೆನ್ನಾಗಿದೆ' ಅಂದೆ. ಮುಂದಿನ ಭಾನುವಾರ ಭಾರತಿ ಒಂದು ಡಾಕ್ ತಂದಳು. ನೋಡಲು ಮಣೆಯ ಹಾಗಿರುವ ಒಂದು ಸ್ಟ್ಯಾಂಡು. ಫೋನನ್ನು ಅದರ ಮೇಲೆ ನಿಲ್ಲಿಸಿದರೆ ಚಾರ್ಜೂ ಆಗುತ್ತದೆ, ಫೋನಿನಲ್ಲಿ ಬರುವ ಹಾಡು ಮಾತು ಎಲ್ಲವನ್ನೂ ಅದು ಬ್ಲೂಟೂತಿನಲ್ಲಿ ನೇರವಾಗಿ ಕಿವಿಯ ಮಿಷನ್ನಿಗೆ ದಾಟಿಸುತ್ತದೆ. "ಅಪ್ಪಾ, ಪೇರ್ ಮಾಡೋದು ಸುಲಭ. ಈ ಬಟನ್ನು ಒತ್ತಿ ಹಿಡ್ಕೊಳ್ಳಿ. ನೀಲಿ ಲೈಟು ಮಿಣುಕುತ್ತೆ. ಅಂದ್ರೆ ಹುಡುಕ್ತಾ ಇದೆ ಅಂತ. ಸಿಕ್ಕಿದ ಮೇಲೆ ನೆಟ್ಟಗೆ ಉರಿಯುತ್ತೆ, ಅಷ್ಟೇ," ಎಂದಳು. ಆಮೇಲೆ ಕಿವಿಯ ಮಿಷನ್ನಿನ ಪುಟ್ಟ ಗುಂಡಿ ಒತ್ತಿ, ಹೀಗೆ ಮಾಡಿದರೆ ಹೊರಗಿನ ಗದ್ದಲವೆಲ್ಲ ಬಂದ್ ಆಗಿ ಹಾಡು ಮಾತ್ರ ಕೇಳುತ್ತದೆ ಎಂದು ತೋರಿಸಿಕೊಟ್ಟಳು. ಮಿಣುಕಿದರೆ ದೂರ ನಿಲ್ಲು, ನೆಟ್ಟಗಾದರೆ ಎಲ್ಲ ಸರಿ. ನನಗೆ ಇದಕ್ಕಿಂತ ಪರಿಚಿತವಾದ ಶಾಸ್ತ್ರ ಬೇರೆ ಇರಲಿಲ್ಲ. ಮೂವತ್ತೊಂದು ವರ್ಷದ ಅನುಭವವಿದೆ ಎಂದು ಮಗಳ ಎದುರು ಜಂಬ ಕೊಚ್ಚಿಕೊಂಡೆ.

ಅದೇ ಭಾನುವಾರ ಭಾರತಿ ಹೊರಟ ಮೇಲೆ ವಿಶಾಲು ತನ್ನ ಫೋನು ಹಿಡಿದು ನನ್ನೆದುರು ಬಂದು ಕೂತಳು. ನಮ್ಮ ಲೇಔಟಿನ ಗಣೇಶನ ಗುಡಿಯ ಭಜನಾ ಮಂಡಳಿಯಲ್ಲಿ ಅವಳು ಹನ್ನೊಂದು ವರ್ಷದಿಂದ ಹಿಂದಿನ ಸಾಲಿನಲ್ಲಿ ಕೂತು ಗುಂಪಿನ ಜೊತೆ ಹಾಡುತ್ತಿದ್ದಾಳೆ. ಬರುವ ಶನಿವಾರ ಅವಳು ಒಬ್ಬಳೇ ಹಾಡಬೇಕಿತ್ತು. ಒಪ್ಪಿಗೆಯಾದರೆ ಇನ್ನು ಮುಂದೆ ಮುಂದಿನ ಸಾಲು, ಇಲ್ಲವಾದರೆ ಮತ್ತೆ ಹಿಂದಿನ ಸಾಲು. "ಗುಂಪಲ್ಲಿ ಹಾಡಿದ್ರೆ ತಪ್ಪು ಯಾರದ್ದು ಅಂತ ಗೊತ್ತಾಗಲ್ಲ ಕಣ್ರೀ. ಒಬ್ಬಳೇ ಅಂದ್ರೆ ಹೆದರಿಕೆ ಆಗುತ್ತೆ," ಎಂದಳು. ಅವಳ ಅಜ್ಜಿ ಕಲಿಸಿದ ಕೃಷ್ಣನ ಹಾಡನ್ನು ಅಲ್ಲೇ ಕೂತು ಹಾಡಿ ರೆಕಾರ್ಡ್ ಮಾಡಿದಳು. ಕಿವಿಯ ಮಿಷನ್ನು ಚಾರ್ಜಿಗಿತ್ತು. ನಾನು ಎಂದಿನಂತೆ ಪಕ್ಕದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದೆ, ಎಂದಿನಂತೆ ಹೊಗಳಿದೆ. ರೆಕಾರ್ಡನ್ನು ನನ್ನ ಫೋನಿಗೆ ಕಳಿಸಿ ಅವಳು ಹೇಳಿದಳು: "ನಾಳೆಯಿಂದ ಮಿಷನ್ ಹಾಕ್ಕೊಂಡು ಸಮಾಧಾನವಾಗಿ ಕೇಳಿ. ತಪ್ಪೆಲ್ಲಿದೆ ಹೇಳಿ. ಆ ನಿಮ್ಮ ಒಂದು ಮಾತು ಬಿಟ್ಟು ಬೇರೆ ಏನಾದ್ರೂ ಹೇಳಿ. ಇಷ್ಟು ವರ್ಷದಲ್ಲಿ ಒಂದು ಸಲ." ಕೊನೆಯ ಮಾತನ್ನು ಅವಳು ನೆಲ ನೋಡಿಕೊಂಡು ಹೇಳಿದಳು.

ಸೋಮವಾರ ಮಧ್ಯಾಹ್ನ ಮೂರಕ್ಕೆ ವಿಶಾಲು ಅಭ್ಯಾಸಕ್ಕೆಂದು ಗುಡಿಗೆ ಹೋದಳು. ಬೆಳಿಗ್ಗೆ ಕರೆಂಟು ಹೋಗಿ ಬಂದಿದ್ದರಿಂದ ಡಾಕಿನ ದೀಪ ಆರಿತ್ತು. ನಾನು ಕೈ ಒರೆಸಿಕೊಂಡು, ಕಿವಿಗೆ ಮಿಷನ್ನು ಏರಿಸಿ, ಡಾಕಿನ ಗುಂಡಿ ಒತ್ತಿ ಹಿಡಿದೆ. ನೀಲಿ ದೀಪ ಮಿಣುಕಿತು. ನಾನು ಉಸಿರು ಬಿಗಿಹಿಡಿದು ಕಾದೆ. ದೀಪ ನೆಟ್ಟಗಾಯಿತು. ಹಾಡು ಹಚ್ಚಿ, ಹೊರಗಿನ ಗದ್ದಲ ಬಂದ್ ಮಾಡಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದೆ. ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟು ನೋಡಿದೆ. ಫೋನಿನಲ್ಲಿ ಹಾಡಿನ ಗೆರೆ ಮುಂದೆ ಮುಂದೆ ಸರಿಯುತ್ತಿದೆ, ನೀಲಿ ದೀಪ ನಿಶ್ಚಲವಾಗಿ ಉರಿಯುತ್ತಿದೆ. ದೀಪ ಸರಿ ಅಂದ ಮೇಲೆ ಯಂತ್ರ ಸರಿ. ಯಂತ್ರ ಸರಿ ಅಂದ ಮೇಲೆ ಕೆಟ್ಟಿರುವುದು ನಾನೇ. ಡಾಕ್ಟರು ಹೇಳಿದ ವಾಪಸ್ ಬಾರದ ಸ್ವರಗಳು ನೆನಪಾದವು. ವಿಶಾಲುವಿನ ಬೈಗುಳ ಕೇಳಿಸುತ್ತದೆ, ಲೆಕ್ಕಾಚಾರ ಕೇಳಿಸುತ್ತದೆ, ಹಾಡುವ ದನಿ ಮಾತ್ರ ಆ ಹೋದ ಸ್ವರಗಳ ಪಾಲಿಗೆ ಸೇರಿಬಿಟ್ಟಿದೆ ಎಂದುಕೊಂಡೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ನನಗೆ ಹೆದರಿಕೆಯಾಯಿತು. ಕಿವಿ ಮಂದವಾದಾಗ ಆಗದಿದ್ದ ದುಃಖ ಅಂದು ಆಯಿತು.

ಐದಕ್ಕೆ ಬಂದ ವಿಶಾಲು ಚಪ್ಪಲಿ ಬಿಡುವ ಮೊದಲೇ "ಕೇಳಿದ್ರಾ?" ಎಂದಳು. ಏನೂ ಕೇಳಿಸಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಕೇಳಿದೆ. ಚೆನ್ನಾಗಿ..." ಎಂದವನು ಅವಳ ಮುಖ ನೋಡಿ ಅಲ್ಲಿಗೇ ತಡೆದು, "ಕೊನೆಯ ಚರಣದಲ್ಲಿ ಸ್ವಲ್ಪ ಎಳೆದ ಹಾಗಾಯ್ತು," ಎಂದುಬಿಟ್ಟೆ. ಅವಳು ನನ್ನನ್ನು ಒಂದು ಕ್ಷಣ ನೋಡಿ "ಹೌದಾ" ಅಂದಳು. ಮಂಗಳವಾರ 'ಪದ ಇನ್ನೂ ಸ್ಪಷ್ಟವಾಗಬೇಕು' ಅಂದೆ. ಬುಧವಾರ 'ಭಾವ ಇದೆ, ತಾಳ ನೋಡಿಕೋ' ಅಂದೆ. ಸಂಗೀತ ವಿಮರ್ಶೆ ಬರೆಯುವವರ ಬಗ್ಗೆ ನನಗೆ ಆ ವಾರ ಹೊಸ ಅನುಮಾನ ಹುಟ್ಟಿತು.

ಆದರೆ ಆ ಮಧ್ಯಾಹ್ನಗಳು ಮಾತ್ರ ವಿಚಿತ್ರವಾಗಿದ್ದವು. ಕೇಳಿಸದಿದ್ದರೂ ದಿನಾ ಮೂರಕ್ಕೆ ಸರಿಯಾಗಿ ಹಾಡು ಹಚ್ಚಿ ಕೂರುತ್ತಿದ್ದೆ. ಇಂದಾದರೂ ಒಂದು ಎಳೆ ಸಿಕ್ಕೀತೆಂಬ ಆಸೆ. ಹೊರಗಿನ ಗದ್ದಲವೆಲ್ಲ ಬಂದ್ ಆದ ಮೇಲೆ ತಲೆಯೊಳಗಿನ ಗುಂಯ್ ಎನ್ನುವ ಸದ್ದೊಂದೇ. ಸ್ವಲ್ಪ ಹೊತ್ತಿಗೆ ಅದು ಯಾರೋ ಬೆರಳಿಟ್ಟು ಹಿಡಿದ ಶ್ರುತಿಯ ಹಾಗೆ ಅನ್ನಿಸತೊಡಗುತ್ತಿತ್ತು. ಕಿಟಕಿಯ ಆಚೆ ರೈಲು ಹೋಗುತ್ತಿತ್ತು, ಸದ್ದಿಲ್ಲದೆ. ಬೇಲಿಯ ದಾಸವಾಳ ಅದರ ಗಾಳಿಗೆ ತೂಗುತ್ತಿತ್ತು. ಬಿಸಿಲು ಟೇಬಲ್ಲಿನ ಮೇಲಿಂದ ಇಳಿದು ನೆಲದ ಮೇಲೆ ಬಂದು ಮಲಗುತ್ತಿತ್ತು. ಆ ಒಂದೇ ಶ್ರುತಿಯ ಮೇಲೆ ಕ್ವಾರ್ಟರ್ಸಿನ ಅಡುಗೆಮನೆ ಬಂದು ನಿಲ್ಲುತ್ತಿತ್ತು. ಹಸಿರು ಬಳೆ ತೊಟ್ಟ ಕೈ ಹಿಟ್ಟು ನಾದುತ್ತಿದೆ, ತುಟಿ ಆಡುತ್ತಿದೆ, ಹಾಡು ನನಗೆ ಕೇಳಿಸುತ್ತಿದೆ. ನಾನು ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ಕಣ್ಣು ಬಿಟ್ಟರೆ ಹಾಡಿನ ಗೆರೆ ಮುಗಿದಿರುತ್ತಿತ್ತು. ಮತ್ತೆ ಮೊದಲಿಂದ ಹಚ್ಚುತ್ತಿದ್ದೆ. ಇಷ್ಟು ಸುಖವಾದ ಹಾಡನ್ನು ಕೇಳಿದವರು ಈ ಸೀಮೆಯಲ್ಲಿ ಯಾರೂ ಇರಲಾರರು ಎಂದು ನನಗೆ ಎಷ್ಟೋ ಸಲ ಅನ್ನಿಸಿದ್ದುಂಟು. ದೀಪ ನೀಲಿಯಾಗಿ ಉರಿಯುತ್ತಲೇ ಇತ್ತು.

ಶುಕ್ರವಾರ ಹಾಡು ಹಚ್ಚಿ ಕೂತವನ ಎದುರಿಗೆ ಬಾಗಿಲಲ್ಲಿ ಒಂದು ನೆರಳು ಬಿತ್ತು. ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿರುವ ಈರಪ್ಪ. ಇಳಕಲ್ ಕಡೆಯವನು, ನಲವತ್ತರ ಆಸುಪಾಸು. ಪೀಣ್ಯದಲ್ಲೇ ಒಂದು ಎರಕದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಹೆಂಡತಿ ಬಾಣಂತನಕ್ಕೆಂದು ಊರಿಗೆ ಹೋಗಿದ್ದಾಳೆ. ನಾನು ಕಿವಿಯ ಗುಂಡಿ ಒತ್ತಿ ಹೊರಗಿನ ಪ್ರಪಂಚವನ್ನು ಒಳಗೆ ಬಿಟ್ಟುಕೊಂಡೆ.

"ಸರ, ತಪ್ಪು ತಿಳೀಬ್ಯಾಡ್ರಿ. ಒಂದು ಮಾತು ಕೇಳೂದೈತ್ರಿ," ಎಂದ ಅವನು ನಿದ್ದೆಗಣ್ಣಿನಲ್ಲಿ. "ದಿನಾ ಮೂರು ಹೊಡೀತಿದ್ದಂಗ ನನ್ನ ಸ್ಪೀಕರ್‌ನ್ಯಾಗ ಒಬ್ರು ತಾಯಾರು ಹಾಡಾಕ ಸುರು ಮಾಡ್ತಾರ್ರಿ. ಮೊದಲನೇ ದಿನ ಕನಸ ಅಂದ್ಕೊಂಡೆ. ಎರಡನೇ ದಿನಾನೂ ಕನಸ ಅಂದ್ಕೊಂಡೆ. ಚಂದಿತ್ತು, ಏಳಾಕ ಮನಸ್ಸಾಗಲಿಲ್ಲ. ನಿನ್ನೆ ಎದ್ದು ಕುಂತು ನೋಡೀನಿ, ನನ್ನ ಫೋನ್ ಬಂದ್ ಐತಿ, ಸ್ಪೀಕರ್ ಹಾಡಾಕತ್ತೈತಿ."

ಅವನ ಹತ್ತಿರ ಕಿಟಕಿಗೆ ನೇತುಹಾಕಿದ ಒಂದು ಪುಟ್ಟ ಸ್ಪೀಕರ್ ಇದೆ. ಯಾವಾಗಲೂ ಬಾಯಿ ತೆರೆದುಕೊಂಡು ಕೂತಿರುವ ಜಾತಿ, ಯಾವ ಬ್ಲೂಟೂತು ಕರೆದರೂ ಹೊರಟುಬಿಡುತ್ತದೆ. ಅದು ನನ್ನ ತಲೆಯ ಮೇಲೆ ಸರಿಯಾಗಿ ಒಂದು ಅಂತಸ್ತು ಎತ್ತರದಲ್ಲಿದೆ. ನಾನು ಡಾಕಿನ ಕಡೆ ನೋಡಿದೆ. ನೀಲಿ ದೀಪ ನೆಟ್ಟಗೆ ಉರಿಯುತ್ತಿತ್ತು. ಪಾಪ, ಅದು ಸುಳ್ಳು ಹೇಳಿರಲಿಲ್ಲ. ಸಿಕ್ಕಿದೆ ಎಂದಿತ್ತು, ಯಾರು ಸಿಕ್ಕರು ಎಂದು ನಾನು ವಿಚಾರಿಸಿರಲಿಲ್ಲ. ಐದು ದಿನ ವಿಶಾಲು ಮಹಡಿಯಲ್ಲಿ ಹಾಡಿದ್ದಾಳೆ, ನಿದ್ದೆಯಲ್ಲಿದ್ದವನು ಪೂರ್ತಿ ಕೇಳಿದ್ದಾನೆ, ಎಚ್ಚರವಾಗಿ ಕೂತವನು ಕೆಳಗೆ ತಾಳ ಹಾಕಿದ್ದಾನೆ. ಇಂಗು ತಿಂದ ಮಂಗನ ಹಾಗೆ ಕೂತ ನನಗೆ ಅದರ ನಡುವೆಯೇ ಒಂದು ಸಂತೋಷ ಉಕ್ಕಿತು. ಹಾಗಾದರೆ ಕೆಟ್ಟಿರುವುದು ನನ್ನ ಕಿವಿಯಲ್ಲ.

"ಈರಪ್ಪ, ಅದು ನಮ್ಮ ಮನೆಯವಳು ಹಾಡಿದ್ದು," ಎಂದೆ.

"ಗೊತ್ತಾತ್ರಿ. ಮುಂಜಾನೆ ಅಮ್ಮಾರು ತುಳಸಿಗೆ ನೀರ ಹಾಕೋತ ಅದ ಹಾಡ ಗುನುಗಾಕತ್ತಿದ್ರು. ಅದಕ ಬಂದೆ." ಅವನು ತಲೆ ಕೆರೆದುಕೊಂಡ. "ನಮ್ಮಪ್ಪ ಭಜನಿಯೊಳಗ ಹಾರ್ಮೋನಿಯಂ ಬಾರಸ್ತಿದ್ದಾರಿ. ನನಗೂ ಒಂದೀಟು ಕಿವಿ ಐತಿ. ದನಿ ಬಂಗಾರ ಐತ್ರಿ. ಎರಡನೇ ನುಡಿ ಎತ್ತೂಮುಂದ ಒಂದೀಟು ಶ್ರುತಿ ಇಳೀತೈತಿ, ಅಷ್ಟ. ಅದೂ ಅವರ ತಪ್ಪಲ್ರಿ. ಅಲ್ಲಿ ಏನೋ ಒಂದು ಅಡ್ಡ ಬರ್ತೈತಿ."

"ಏನು ಅಡ್ಡ ಬರುತ್ತೆ?"

ಈರಪ್ಪ ಹೊಸ್ತಿಲು ನೋಡಿಕೊಂಡು ನಕ್ಕ. "ನೀವ ಕೇಳ್ರಿ ಸರ," ಎಂದು ಮೇಲೆ ಹೋಗಿ ಸ್ಪೀಕರ್ ಬಂದ್ ಮಾಡಿದ.

ನಾನು ಮತ್ತೆ ಡಾಕಿನ ಗುಂಡಿ ಒತ್ತಿದೆ. ದೀಪ ಮಿಣುಕಿ ನೆಟ್ಟಗಾಯಿತು. ಈ ಸಲ ಕಿವಿಯೊಳಗೆ 'ಟಿಣ್' ಎಂದು ಒಂದು ಸದ್ದೂ ಬಂತು. ಹಾಡನ್ನು ಮೊದಲಿಂದ ಹಚ್ಚಿದೆ. ವಿಶಾಲು ಹಾಡಿದಳು. ದನಿಗೆ ವಯಸ್ಸಾಗಿತ್ತು, ಅಂಚು ಸ್ವಲ್ಪ ಒರಟಾಗಿತ್ತು, ಆದರೆ ಅದೇ ದನಿ. ಐದು ದಿನ ನಾನು ಕನಸಿನಲ್ಲಿ ಕೇಳಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಕಣ್ಣು ಒದ್ದೆಯಾಯಿತು, ಒರೆಸಿಕೊಳ್ಳಲಿಲ್ಲ. ಮೊದಲ ನುಡಿ ಮುಗಿದು ಅವಳು ಉಸಿರೆಳೆದುಕೊಳ್ಳಲು ನಿಂತಳು. ಆ ಕ್ಷಣಕ್ಕೆ ಸರಿಯಾಗಿ, ಫೋನಿನ ಪಕ್ಕದಿಂದಲೇ ಎನ್ನುವ ಹಾಗೆ, ಒಂದು ಗಂಡು ಗಂಟಲು ಪ್ರೆಸ್ ಶಾಪಿನ ಗದ್ದಲವನ್ನೂ ಮೀರುವ ದನಿಯಲ್ಲಿ ಅಬ್ಬರಿಸಿತು: "ತುಂಬಾ ಚೆನ್ನಾಗಿತ್ತು ಕಣೇ!" ಹಿಂದೆಯೇ ಪೇಪರ್ ಮಡಚಿದ ಸದ್ದು. ವಿಶಾಲು ಎರಡನೇ ನುಡಿ ಎತ್ತಿಕೊಂಡಳು. ಶ್ರುತಿ ಇಳಿದಿತ್ತು.

ಐದಕ್ಕೆ ಅವಳು ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. "ಏನು, ಇವತ್ತು ತಪ್ಪೆಲ್ಲಿ ಸಿಕ್ತು?" ಎಂದಳು, ಮುಖದಲ್ಲಿ ನಗುವಿಲ್ಲದೆ. ಎರಡು ಬೆರಳನ್ನು ಎದೆಗೆ ಒತ್ತಿಕೊಂಡು ನಿಂತೆ. ಆ ಹಳೆಯ ಸನ್ನೆ ಅವಳಿಗೆ ನೆನಪಿರಲಾರದು ಎಂದುಕೊಂಡಿದ್ದೆ. ಅವಳು ಆ ಬೆರಳನ್ನು ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

"ನಿಮ್ಮ ಮಾತು ಅದರಲ್ಲಿದೆ ಅಂತ ಭಾನುವಾರವೇ ಗೊತ್ತಿತ್ತು. ಬೇಕಂತಲೇ ಬಿಟ್ಟೆ. ಕೇಳಿದ್ರೆ ನೀವೇ ಬಂದು ಹೇಳ್ತೀರ ಅಂತ," ಎಂದಳು. "ನೀವು ನೋಡಿದ್ರೆ ದಿನಕ್ಕೊಂದು ತಪ್ಪು ಹೇಳ್ತಾ ಬಂದ್ರಿ. ಎಳೀತೀನಂತೆ, ತಾಳ ಇಲ್ಲವಂತೆ. ಕೇಳಿಸ್ಕೊಂಡಿಲ್ಲ ಅಂತ ಸೋಮವಾರವೇ ಗೊತ್ತಾಯ್ತು ನನಗೆ. ಇನ್ನೂ ಎಷ್ಟು ದಿನ ಹೇಳ್ತೀರ ನೋಡೋಣ ಅಂತ ಸುಮ್ಮನಿದ್ದೆ." ನಾನು ಮಹಡಿಯ ಕಥೆಯನ್ನೆಲ್ಲ ಹೇಳಿದೆ, ನೀಲಿ ದೀಪದಿಂದ ಹಿಡಿದು ಈರಪ್ಪನ ಕನಸಿನವರೆಗೆ. ಹೆದರಿಕೆಯಾಗಿದ್ದನ್ನೂ ಹೇಳಿದೆ. ಅದನ್ನು ಹೇಳುವಾಗ ಅವಳು ನಗುವುದನ್ನು ನಿಲ್ಲಿಸಿ, ನನ್ನ ಕಿವಿಯ ಹಿಂದೆ ಸ್ವಲ್ಪ ಜಾರಿದ್ದ ಮಿಷನ್ನನ್ನು ಸರಿಪಡಿಸಿದಳು.

ಶನಿವಾರ ಗುಡಿಯಲ್ಲಿ ಹಿಂದಿನ ಕಂಬಕ್ಕೆ ಒರಗಿ ಕೂತೆ. ಈರಪ್ಪ ನಿದ್ದೆ ಬಿಟ್ಟು ಬಂದು ಪಕ್ಕದಲ್ಲಿ ಕೂತ. ಮೊದಲ ನುಡಿ ಮುಗಿದು ವಿಶಾಲು ಉಸಿರೆಳೆದುಕೊಂಡಾಗ ಅವನ ಕೈ ನನ್ನ ಮೊಣಕಾಲಿನ ಮೇಲೆ ಬಂದು ಭದ್ರವಾಗಿ ಒತ್ತಿತು. ಅಗತ್ಯವಿರಲಿಲ್ಲ, ನಾನಾಗಲೇ ಕರ್ಚೀಫನ್ನು ಬಾಯಿಗೆ ಹಿಡಿದಿದ್ದೆ. ಎರಡನೇ ನುಡಿ ಎಲ್ಲೂ ಇಳಿಯದೆ ನೇರವಾಗಿ ಮೇಲೆ ಹೋಯಿತು. ಹಾಡು ಮುಗಿದ ಮೇಲೆ ಮಂಡಳಿಯ ಹಿರಿಯಮ್ಮ ವಿಶಾಲುವಿನ ಕೈ ಹಿಡಿದು ಮುಂದಿನ ಸಾಲಿಗೆ ಕರೆದುಕೊಂಡು ಹೋಗಿ ಕೂರಿಸಿದರು.

ಮನೆಗೆ ನಡೆದು ಬರುವಾಗ ಅವಳು ರೈಲ್ವೆ ಗೇಟಿನ ಹತ್ತಿರ ನಿಂತು ಕೇಳಿದಳು: "ಹೇಗಿತ್ತು?"

ನಿಜವಾಗಿಯೂ ಚೆನ್ನಾಗಿತ್ತು. ಒಂದು ತಪ್ಪಿರಲಿಲ್ಲ. ಆದರೆ ಆ ಮಾತನ್ನು ನಾನು ಮೂವತ್ತು ವರ್ಷದಲ್ಲಿ ಚಟ್ನಿಗೆ, ಪದ್ಯಕ್ಕೆ, ರಾಯರ ಭಾವಮೈದುನನ ಆಪರೇಷನ್ನಿಗೆಲ್ಲ ಬಳಸಿ ಸವೆಸಿಬಿಟ್ಟಿದ್ದೆ. ಈಗ ಅಂದರೆ ಅವಳು ನಂಬುವ ಹಾಗಿರಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದೆ: "ಕೊನೆಯ ಸಾಲಿನಲ್ಲಿ ಒಂಚೂರು ಅವಸರ ಮಾಡಿದೆ."

ವಿಶಾಲುವಿನ ಮುಖ ಅರಳಿತು. "ಹೌದು ಕಣ್ರೀ, ನನಗೂ ಹಾಗೇ ಅನ್ನಿಸ್ತು. ನಿಜವಾಗ್ಲೂ ಕೇಳಿಸ್ಕೊಂಡಿದ್ದೀರ ಹಾಗಾದ್ರೆ," ಎಂದು ನನ್ನ ತೋಳು ಹಿಡಿದು ಮನೆಯವರೆಗೂ ನಡೆದಳು. ಅವಸರವೇನೂ ಆಗಿರಲಿಲ್ಲ. ಇಷ್ಟು ವರ್ಷ ಕೇಳದೆ ಸುಳ್ಳು ಹೇಳುತ್ತಿದ್ದವನು, ಅಂದು ಮೊದಲ ಬಾರಿಗೆ ಪೂರ್ತಿ ಕೇಳಿ ಸುಳ್ಳು ಹೇಳಿದ್ದೆ.